ಧಾರೆ ಸೀರೆಯ ಹೆಗಲು

ಅಂಗಡಿಯಲ್ಲಿ ಇನ್ನು ಮುಂದೆ ತನ್ನನ್ನು ಹೆಸರು ಹಿಡಿದು ಕರೆಯಬಾರದಂತೆ, ಮೇಡಂ ಎನ್ನಬೇಕಂತೆ ಎಂದು ಅಶ್ಮಿತಾ ಹೇಳಿದಾಗ ದಮಯಂತಿ ನೀರುದೋಸೆ ಹೊಯ್ಯುತ್ತಿದ್ದಳು. ಸೊಸೆಯ ಮಾತಿಗೆ ಅತ್ತೆಯ ಕೈ ಅರ್ಧದಲ್ಲೇ ನಿಂತಿತು. ಅಷ್ಟರಲ್ಲಿ ದೋಸೆ ಕರಟಿಹೋಯಿತು.

“ಯಾರು ಯಾರನ್ನು ಮೇಡಂ ಅನ್ನುವುದು?” ಎಂದು ಒಳಗಿನ ಮಂಚದಿಂದ ಪರಮೇಶ್ವರಿ ಕೇಳಿದರು. ಅವರು ದಮಯಂತಿಯ ಅತ್ತೆ. ಎಂಬತ್ತು ಹತ್ತಿರವಾಗಿ ಕಣ್ಣು ಮಂದವಾಗಿತ್ತು, ಕಿವಿಗೆ ಮಾತ್ರ ಇನ್ನೂ ಹದಿನೆಂಟು.

“ಮಾಮಿ ನನ್ನನ್ನು, ಅಜ್ಜಿ. ಅಂಗಡಿಯಲ್ಲಿ ಮಾತ್ರ,” ಎಂದಳು ಅಶ್ಮಿತಾ. ಅತ್ತೆಯನ್ನು ಅವಳು ಮಾಮಿ ಎಂದೇ ಕರೆಯುವುದು.

“ಹಾಗಾ. ನಾನು ಇಷ್ಟು ವರ್ಷ ಅತ್ತೆಯಾಗಿ ಇದ್ದದ್ದು ದಂಡ. ನನ್ನನ್ನು ಒಬ್ಬಳೂ ಮೇಡಂ ಅನ್ನಲಿಲ್ಲ.”

ದಮಯಂತಿಯ ಮಗ ಸುಧೀರನೊಬ್ಬ ನಕ್ಕ. ಹೆಂಡತಿಯ ಮುಖ ನೋಡಿ ಆ ನಗುವನ್ನು ಚಹಾದ ಜೊತೆ ನುಂಗಿದ. ನಾಯ್ಮಾರ್ಮೂಲೆಯ ಆ ಮನೆಯಲ್ಲಿ ಮೂರು ತಲೆಮಾರಿನ ಹೆಂಗಸರ ನಡುವೆ ಅವನೊಬ್ಬನೇ ಗಂಡಸು. ಎಸಿ ರಿಪೇರಿ ಅವನ ಕೆಲಸ. ಊರವರ ಮನೆಗಳನ್ನೆಲ್ಲ ತಣ್ಣಗೆ ಮಾಡಿ ಬರುವವನಿಗೆ ತನ್ನ ಮನೆ ಎಲ್ಲಿಂದ ಬಿಸಿಯಾಗುತ್ತದೆಂದು ಮಾತ್ರ ಎಂದೂ ಗೊತ್ತಾಗಿರಲಿಲ್ಲ.

ದಮಯಂತಿ ಕರಟಿದ ದೋಸೆಯನ್ನು ತನ್ನ ತಟ್ಟೆಗೆ ಹಾಕಿಕೊಂಡು, ಆಗಲಿ ಎಂದಳು. ಅಂಗಡಿಯ ಕ್ರಮ ಅಂಗಡಿಗೆ, ಮನೆಯ ಕ್ರಮ ಮನೆಗೆ, ಅದರಲ್ಲಿ ಎಂತ ಉಂಟು ಎಂದು ತಾನೇ ಸಮಾಧಾನವನ್ನೂ ಹೇಳಿದಳು. ಆದರೆ ಅಂದು ಬಸ್ಸಿನಲ್ಲಿ ಅತ್ತೆ ಸೊಸೆ ಒಂದೇ ಸೀಟಿನಲ್ಲಿ ಕುಳಿತೂ ಮಾತಾಡದೆ ಕಾಸರಗೋಡು ಮುಟ್ಟಿದರು. ಹಾಗೆ ಹಿಂದೆಂದೂ ಆಗಿರಲಿಲ್ಲ.

ಹಿಂದೆ ಎಂದರೆ ಅದು ಶಿವಪ್ರಸಾದರ ಅಂಗಡಿಯಾಗಿದ್ದ ಕಾಲ. ಸುಧೀರ್ ಶಾಲೆಗೆ ಹೋಗತೊಡಗಿದ ವರ್ಷ ದಮಯಂತಿ ಅಲ್ಲಿ ಕೆಲಸಕ್ಕೆ ಸೇರಿದ್ದು. ಹಳೆ ಬಸ್‌ಸ್ಟ್ಯಾಂಡಿನ ಹತ್ತಿರದ ಆ ಜವುಳಿ ಅಂಗಡಿಯಲ್ಲಿ ನೆಲದ ಉದ್ದಕ್ಕೂ ಬಿಳಿ ಗಾದಿ ಹಾಸಿರುತ್ತಿತ್ತು. ಚಪ್ಪಲಿ ಕಳಚಿಟ್ಟು ಬಂದವರು ಗಾದಿಯಲ್ಲಿ ಆರಾಮವಾಗಿ ಕುಳಿತು, ಚಹಾ ಕುಡಿದು, ಊರಿನ ಸುದ್ದಿ ಮುಗಿಸಿದ ಮೇಲೆಯೇ ಸೀರೆ ಬಿಚ್ಚುವ ಮಾತು. ಧಾರೆ ಸೀರೆ ಗಂಡಿನ ಕಡೆಯವರು ತೆಗೆಯುವಂಥದ್ದು. ಸೀರೆ ತೆಗೆಯಲು ಹುಡುಗಿಯೇ ಬರುವ ಕ್ರಮ ಆಗ ಇರಲಿಲ್ಲ. ಹಾಗಾಗಿ ಉಟ್ಟರೆ ಹೇಗೆ ಕಂಡೀತು ಎಂದು ನೋಡುವುದಕ್ಕೆ ಅಂಗಡಿಯದೇ ಒಂದು ಹೆಗಲು ಬೇಕಾಗುತ್ತಿತ್ತು. ಆ ಹೆಗಲು ದಮಯಂತಿಯದು.

ಹುಡುಗಿ ಬಿಳಿಯಾ, ಎಣ್ಣೆಗಪ್ಪಾ, ನನ್ನಷ್ಟು ಉದ್ದ ಇದ್ದಾಳಾ ಎಂದು ಅವಳು ಕೇಳಿಕೊಳ್ಳುತ್ತಿದ್ದಳು. ಆಮೇಲೆ ಸೀರೆಯನ್ನು ಹೆಗಲಿಗೆ ಹಾಕಿ, ನೆರಿಗೆ ಹಿಡಿದು, ಉದ್ದದ ಕನ್ನಡಿಯ ಎದುರು ಸ್ವಲ್ಪ ಎಡಕ್ಕೆ ತಿರುಗಿ ನಿಲ್ಲುತ್ತಿದ್ದಳು. ಹುಡುಗನ ತಾಯಿ ಕುತ್ತಿಗೆ ಓರೆ ಮಾಡಿ ನೋಡುವಳು. ಒಂದನ್ನು ಬೇಡ ಎನ್ನುವಳು, ಇನ್ನೊಂದನ್ನೂ ಬೇಡ ಎನ್ನುವಳು. ಕೊನೆಗೊಮ್ಮೆ ಅವಳ ಮುಖ ಅರಳಿ, “ಇದೇ ಇರಲಿ” ಎಂಬ ಮಾತು ಬರುತ್ತಿತ್ತು. ಆ ಮಾತು ಸೀರೆಗೆ ಹೇಳಿದ್ದು, ತನಗಲ್ಲ ಎಂದು ದಮಯಂತಿಗೆ ಗೊತ್ತಿತ್ತು. ಗೊತ್ತಿದ್ದೂ ಪ್ರತಿ ಸಲ ಅವಳಿಗೆ ತನ್ನನ್ನೇ ಯಾರೋ ಮೆಚ್ಚಿ ಆರಿಸಿದ ಹಾಗೆ ಸಂತೋಷವಾಗುತ್ತಿತ್ತು. ಅವಳ ಸ್ವಂತ ಮದುವೆಯ ಸೀರೆಯನ್ನು ಮಾವ ಒಬ್ಬರೇ ಪೇಟೆಗೆ ಹೋದವರು ಕೈಗೆ ಸಿಕ್ಕಿದ್ದನ್ನು ಕಟ್ಟಿಸಿ ತಂದಿದ್ದರು. ಅದನ್ನು ಯಾರೂ ಯಾರ ಹೆಗಲ ಮೇಲೂ ನೋಡಿರಲಿಲ್ಲ.

ಗಂಡ ಗುಣಪಾಲ ಎದೆನೋವೆಂದು ಮಲಗಿದವನು ಏಳದೆ ಹೋದ ವರ್ಷ, ದಮಯಂತಿ ಕೆಲಸಕ್ಕೆ ಮರಳಿದವಳು ತಾನಾಗಿಯೇ ಗಂಡಸರ ಲುಂಗಿ-ಬೈರಾಸಿನ ಮೂಲೆಯಲ್ಲಿ ಹೋಗಿ ನಿಂತಿದ್ದಳು. ಗಂಡನಿಲ್ಲದವಳ ಹೆಗಲಿಗೆ ಧಾರೆ ಸೀರೆ ಯಾರು ಹಾಕಿಯಾರು? ಶಿವಪ್ರಸಾದರು ಗಲ್ಲೆಯಿಂದ ಎದ್ದು, ಒಂದು ಸೀರೆ ಹಿಡಿದುಕೊಂಡೇ ಅಲ್ಲಿಗೆ ಬಂದರು. “ಇದು ನನ್ನ ಅಂಗಡಿ. ಇಲ್ಲಿ ಯಾರು ಎಲ್ಲಿ ನಿಲ್ಬೇಕು ಅಂತ ನಾನು ಹೇಳುವುದು. ಬಾ ಆಚೆಗೆ,” ಎಂದರು. ಕೆಲವರು ಅವಳ ಹಣೆ ನೋಡಿ ಎದ್ದು ಹೋದದ್ದೂ ಉಂಟು. ಶಿವಪ್ರಸಾದರು ಅವರನ್ನು ಕರೆಯಲಿಲ್ಲ, ಅವಳನ್ನು ಕದಲಿಸಲೂ ಇಲ್ಲ. ಈ ಸಂಗತಿಯನ್ನು ದಮಯಂತಿ ಮನೆಯಲ್ಲಿ ಹೇಳಿರಲಿಲ್ಲ. ಪರಮೇಶ್ವರಿ ಕೇಳಿರಲೂ ಇಲ್ಲ.

ಸುಧೀರನ ಮದುವೆಗೆ ಸೀರೆ ತೆಗೆದದ್ದೂ ಅಲ್ಲಿಯೇ. ಹುಡುಗಿ ಕುಂಬ್ಡಾಜೆಯವಳು. ಹುಡುಗನ ತಾಯಿಯೂ ತಾನೇ, ಅಂಗಡಿಯ ಹೆಗಲೂ ತನ್ನದೇ. ಹಸಿರು ಅಂಚಿನ ಕೆಂಪು ಸೀರೆ ಹೊದ್ದು ಕನ್ನಡಿ ನೋಡಿ ತಾನೇ “ಇದೇ ಇರಲಿ” ಎಂದಾಗ ಇಡೀ ಅಂಗಡಿ ನಕ್ಕಿತ್ತು. ಆ ಸೀರೆ ಉಟ್ಟು ಬಂದ ಅಶ್ಮಿತಾಳನ್ನು ಆರು ತಿಂಗಳಲ್ಲಿ ಅದೇ ಅಂಗಡಿಗೆ ಸೇರಿಸಿದ್ದೂ ಅವಳೇ. ಬಿ.ಕಾಂ. ಓದಿದ ಹುಡುಗಿ ಮನೆಯಲ್ಲಿ ಕುಳಿತು ಎಂತ ಮಾಡುವುದು ಎಂದು ತನ್ನ ಅತ್ತೆಯೊಡನೆ ಜಗಳವಾಡಿಯೇ ಕರೆದುಕೊಂಡು ಹೋಗಿದ್ದಳು. ಇಬ್ಬರಿಗೂ ಸೇರಿ ಒಂದೇ ಬುತ್ತಿ. ಮಧ್ಯಾಹ್ನ ಬಟ್ಟೆಯ ಮೂಟೆಗಳಿಗೆ ಒರಗಿ ಕುಳಿತು, ಒಬ್ಬಳ ಪಾಲಿನ ಮೀನನ್ನು ಇನ್ನೊಬ್ಬಳ ಅನ್ನಕ್ಕೆ ದೂಡುತ್ತ, ಗಂಡನ ಮೇಲಿನ ದೂರನ್ನು ಸೊಸೆಯೂ ಮಗನ ಮೇಲಿನ ದೂರನ್ನು ಅತ್ತೆಯೂ ಒಟ್ಟಿಗೇ ಹೇಳಿಕೊಳ್ಳುತ್ತಿದ್ದರು.

ಶಿವಪ್ರಸಾದರಿಗೆ ವಯಸ್ಸಾಯಿತು. ಮಕ್ಕಳಿಗೆ ಜವುಳಿ ಬೇಡವಾಗಿತ್ತು. ಅಂಗಡಿಯನ್ನು ತೆಂಕಣ ಊರುಗಳಲ್ಲಿ ಮಳಿಗೆಗಳಿರುವ ಒಂದು ಕಂಪೆನಿ ಕೊಂಡಿತು. ಕೆಲವು ತಿಂಗಳು ಬಾಗಿಲು ಹಾಕಿ ತೆರೆದಾಗ ಗಾದಿ ಇರಲಿಲ್ಲ. ಎಲ್ಲಿ ನೋಡಿದರೂ ಗಾಜು. ಸೀರೆ ತೋರಿಸಲು ತಲೆಯಿಲ್ಲದ ಬಿಳಿ ಗೊಂಬೆಗಳು ಬಂದವು. ಕೆಲಸದವರು ಮಾರುವ ಬಟ್ಟೆಯನ್ನು ಮೈಗೆ ತಾಗಿಸಬಾರದು, ಬೆವರಿನ ಕಲೆಯಾಗುತ್ತದೆ ಎಂಬ ನಿಯಮ ಬಂತು. ಬೆಳಿಗ್ಗೆ ಎಲ್ಲರೂ ಸಾಲಾಗಿ ನಿಂತು ಚಪ್ಪಾಳೆ ತಟ್ಟಿ ಅಂದಿನ ಟಾರ್ಗೆಟ್ ಕೂಗಬೇಕು. ಕೆಲಸದವರಿಗೆ ಕುಳಿತುಕೊಳ್ಳಲು ಕುರ್ಚಿ ಇಡಬೇಕೆಂದು ಕಾನೂನು ಉಂಟಲ್ಲ, ಕುರ್ಚಿಯನ್ನೂ ಇಟ್ಟಿದ್ದರು. ಅದಕ್ಕೆ ಸರಿಯಾಗಿ ಮೇಲಿನಿಂದ ಒಂದು ಕ್ಯಾಮೆರಾವನ್ನೂ ಇಟ್ಟಿದ್ದರು. ಯಾರೂ ಕೂರುತ್ತಿರಲಿಲ್ಲ. ಕಂಪ್ಯೂಟರ್ ಬಲ್ಲ ಅಶ್ಮಿತಾಳನ್ನು ಸೀರೆಯ ಮಹಡಿಗೆ ಇನ್‌ಚಾರ್ಜ್ ಮಾಡಿದರು. ಅವಳ ಮೇಲೆ ಮ್ಯಾನೇಜರ್ ಶರತ್ಚಂದ್ರ, ಅವನ ಮೇಲೆ ಯಾರೋ, ಆ ಯಾರೋನ ಮೇಲೆ ಇನ್ನು ಯಾರೋ.

ಮೊದಲು ಹೋದದ್ದು ಒಟ್ಟಿನ ಬುತ್ತಿ. ಇನ್‌ಚಾರ್ಜ್‌ಗಳು ಮೇಲಿನ ಕೋಣೆಯಲ್ಲಿ ಬೇರೆಯೇ ಉಣ್ಣಬೇಕಂತೆ. ದಮಯಂತಿ ಮನೆಯಲ್ಲಿ ಎರಡು ಬುತ್ತಿ ಕಟ್ಟತೊಡಗಿದಳು. ಅಭ್ಯಾಸಬಲದಿಂದ ಬಂಗುಡೆಯ ದೊಡ್ಡ ತುಂಡನ್ನು ಸೊಸೆಯ ಬುತ್ತಿಗೇ ಹಾಕುತ್ತಿದ್ದಳು. ಸಂಜೆ ಅದು ತಿನ್ನದೆ ಹಾಗೆಯೇ ಮರಳುತ್ತಿತ್ತು.

“ಊಟ ಎಂತಕ್ಕೆ ಬಿಟ್ಟದ್ದು?” ಎಂದು ಕೇಳಿದರೆ, ಮೀಟಿಂಗ್ ಇತ್ತು ಮಾಮಿ ಎಂಬ ಉತ್ತರ.

ಮನೆಗೆ ಬಂದರೂ ಅಶ್ಮಿತಾಳಿಗೆ ಅಂಗಡಿ ಮುಗಿಯುತ್ತಿರಲಿಲ್ಲ. ಮೊದಲೆಲ್ಲ ಬಂದವಳೇ ಕಾಯಿ ತುರಿಯಲು ಕೂರುವವಳು, ಈಗ ಫೋನು ಹಿಡಿದು ಕೂರುತ್ತಿದ್ದಳು. ಇಂದು ಎಷ್ಟು ಜನ ಬಂದರು, ಎಷ್ಟು ಜನ ಬರಿಗೈಯಲ್ಲಿ ಹೋದರು, ಯಾಕೆ ಹೋದರು ಎಂದು ಗ್ರೂಪಿನಲ್ಲಿ ಹಾಕಬೇಕಿತ್ತು. ದಮಯಂತಿ ಊದಿಕೊಂಡ ಮೊಣಕಾಲಿನಲ್ಲಿ ಬಸಳೆ ಹೆಚ್ಚಿ, ಕಾಯಿ ಕಡೆದು, ಪಾತ್ರೆಯನ್ನೂ ತಾನೇ ತೊಳೆಯುವಳು. ಗಂಜಿಗೆ ಕುಳಿತರೆ ತಟ್ಟೆಯ ಪಕ್ಕದಲ್ಲಿ ಫೋನು ಗುಂಯ್‌ಗುಟ್ಟುವುದು.

“ಅದಕ್ಕೂ ಒಂದು ಬಟ್ಟಲು ಗಂಜಿ ಬಡಿಸು ದಮಯಂತಿ,” ಎಂದರು ಪರಮೇಶ್ವರಿ. “ಪಾಪ, ಆಗದಿಂದ ಕೂಗ್ತಾ ಉಂಟು.”

“ಅಜ್ಜಿ, ತಮಾಷೆ ಅಲ್ಲ. ಉತ್ತರ ಕೊಡದಿದ್ರೆ ನಾಳೆ ಎಲ್ಲರ ಎದುರು ಕೇಳ್ತಾರೆ.”

“ಇಲ್ಲಿ ನಾನು ಕೇಳ್ತಾ ಇದ್ದೇನಲ್ಲ, ನನಗೆ ಯಾವಾಗ ಉತ್ತರ?”

ಅಶ್ಮಿತಾ ಗಂಜಿಯನ್ನು ಅರ್ಧಕ್ಕೇ ಬಿಟ್ಟು ಎದ್ದಳು. ಸುಧೀರ್ ಅಜ್ಜಿಯನ್ನು ಗದರಿದ, ಅಜ್ಜಿ ಅವನ ಅಮ್ಮನನ್ನು ದೂರಿದರು, ಅಮ್ಮ ತಟ್ಟೆಗಳನ್ನು ಬೇಕೆಂದೇ ಸದ್ದು ಮಾಡಿ ಎತ್ತಿದಳು. ಬಚ್ಚಲಿನಲ್ಲಿ ನೀರು ಬಿಟ್ಟುಕೊಂಡು ಸೊಸೆ ಅಳುತ್ತಿರುವುದು ದಮಯಂತಿಗೆ ಕೇಳಿಸಿತು. ಹೋಗಿ ಬೆನ್ನು ಸವರಬೇಕೆಂದು ಅನ್ನಿಸಿತು. ತಾನು ಮೇಡಂ ಎಂದು ಕರೆಯಬೇಕಾದವಳ ಬೆನ್ನು ಸವರುವುದು ಹೇಗೆ ಎಂದು ತಿಳಿಯದೆ ಅಲ್ಲಿಯೇ ನಿಂತಳು.

ಮುಂದಿನ ವಾರ ಒಂದು ಮದುವೆಯ ಪಾರ್ಟಿ ಬಂತು. ಹುಡುಗನ ತಾಯಿ ದಮಯಂತಿಯನ್ನು ಗುರುತು ಹಿಡಿದು, ತನ್ನ ನಾದಿನಿಯ ಸೀರೆಯನ್ನು ನೀವೇ ಹಾಕಿ ತೋರಿಸಿದ್ದಲ್ಲವಾ, ಇದನ್ನೂ ಒಮ್ಮೆ ಹಾಕಿ ಅಕ್ಕ ಎಂದಳು. ದಮಯಂತಿಗೆ ನಿಯಮ ನೆನಪಿತ್ತು. ಮರೆತಳು ಎಂದರೆ ಸುಳ್ಳಾಗುತ್ತದೆ. ಆಸೆ ತಡೆಯಲಾಗಲಿಲ್ಲ, ಅಷ್ಟೇ. ಗೊಂಬೆಯ ಮೇಲಿಂದ ಸೀರೆಯನ್ನು ಎಳೆದು ಹೆಗಲಿಗೆ ಹಾಕಿ ಕನ್ನಡಿಯ ಎದುರು ತಿರುಗಿ ನಿಂತಳು. ಹಳೆಯ ಅಂಗಡಿಯಿಂದ ಉಳಿದದ್ದು ಆ ಕನ್ನಡಿಯೊಂದೇ.

ಹುಡುಗನ ತಾಯಿ ಕುತ್ತಿಗೆ ಓರೆ ಮಾಡುವಷ್ಟರಲ್ಲಿ ಕನ್ನಡಿಯಲ್ಲಿ ಅಶ್ಮಿತಾ ಕಾಣಿಸಿದಳು. ಅವಳ ಕಿವಿಗೆ ಸಿಕ್ಕಿಸಿದ ಯಂತ್ರದಲ್ಲಿ ಮೇಲಿನವರು ಯಾರೋ ಮಾತಾಡುತ್ತಿದ್ದರು. ಮುಖ ಬೆಳ್ಳಗಾಗಿತ್ತು.

“ದಮಯಂತಿ,” ಎಂದಳು. “ಸೀರೆ ತೆಗೀರಿ. ಗೊಂಬೆಗೆ ಹಾಕಿ.”

ಮಹಡಿಯ ಹುಡುಗಿಯರೆಲ್ಲ ತಿರುಗಿ ನೋಡಿದರು. ದಮಯಂತಿ ಸೀರೆಯನ್ನು ಮಡಚಿ ಕೊಟ್ಟು, “ಸರಿ ಮೇಡಂ,” ಎಂದಳು.

ಅಂದು ರಾತ್ರಿಯ ಊಟಕ್ಕೆ ಹುರುಳಿ ಸಾರು, ಹಪ್ಪಳ. ಯಾರೂ ಹಪ್ಪಳ ಮುರಿಯಲಿಲ್ಲ. ಇಬ್ಬರೂ ಯಾಕೆ ಮಾತಾಡುವುದಿಲ್ಲ ಎಂದು ಸುಧೀರ್ ಕೇಳಿದ. ದಮಯಂತಿ ಎಂತ ಇಲ್ಲ ಎಂದಳು.

“ಉಂಟು,” ಎಂದಳು ಅಶ್ಮಿತಾ. “ನಾನು ಇವತ್ತು ಮಾಮಿಯನ್ನು ಹೆಸರು ಹಿಡಿದು ಕರೆದೆ.”

ಪರಮೇಶ್ವರಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. “ಎಲ್ಲರ ಎದುರಾ?”

“ಎಲ್ಲರ ಎದುರು.”

ಮುದುಕಿ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ದಮಯಂತಿಯ ಕಡೆ ತಿರುಗಿ, “ನೀನು ಎಂತ ಮಾಡಿದ್ದಿ ಹಾಗೆ ಕರೆಯುವಂಥದ್ದು?” ಎಂದು ಕೇಳಿದರು. ಧಾರೆ ಸೀರೆಯನ್ನು ಹೆಗಲಿಗೆ ಹಾಕಿದೆ ಎಂದು ದಮಯಂತಿ ತಟ್ಟೆ ನೋಡುತ್ತ ಹೇಳಿದಳು. ಅತ್ತೆಗೆ ಈಗ ಗೊತ್ತಾಯಿತು, ಗಂಡ ಹೋದ ಮೇಲೂ ಇವಳು ಹಾಕುತ್ತಿದ್ದಳೆಂದು. ಇನ್ನು ಅದಕ್ಕೂ ಒಂದು ಮಾತು ಕೇಳಬೇಕಲ್ಲ ಎಂದು ಅವಳು ಕಾದಳು.

“ಅದು ನನಗೆ ಯಾವಾಗಲೋ ಗೊತ್ತುಂಟು,” ಎಂದರು ಪರಮೇಶ್ವರಿ. “ಸಂಜೆ ಬರುವಾಗ ನಿನ್ನ ಕುತ್ತಿಗೆಯಲ್ಲಿ ಜರಿಯ ಹುಡಿ ಇರ್ತಿತ್ತು. ಆಗ ಕಣ್ಣು ಕಾಣ್ತಿತ್ತಲ್ಲ.” ಮತ್ತೆ ತಗ್ಗಿದ ದನಿಯಲ್ಲಿ, “ಇನ್ನು ಅದು ಇಲ್ಲವಾ ಹಾಗಾದ್ರೆ?” ಎಂದು ಕೇಳಿದರು.

ಉತ್ತರ ಸೋಮವಾರ ಬೆಳಗಿನ ಚಪ್ಪಾಳೆಯ ಸಾಲಿನಲ್ಲಿ ಬಂತು. ದಮಯಂತಿಯನ್ನು ನೆಲಮಾಳಿಗೆಯ ಸ್ಟಾಕಿಗೆ ಹಾಕಲಾಗಿದೆ ಎಂದು ಶರತ್ಚಂದ್ರ ಮಲಯಾಳದಲ್ಲಿ ಓದಿದ. ಹೆಸರು ಕೊಟ್ಟವಳು ಇನ್‌ಚಾರ್ಜ್. ಅಶ್ಮಿತಾ ನೆಲ ನೋಡುತ್ತಿದ್ದಳು. ಸಂಜೆ ಮನೆಯಲ್ಲಿ ದಮಯಂತಿ ಮೀನು ಕೊಯ್ಯುವ ಮೆಟ್ಟುಕತ್ತಿಯ ಎದುರು ಕುಳಿತವಳು ಮೊದಲ ಬಾರಿಗೆ ದನಿ ಎತ್ತಿದಳು.

“ನಿನ್ನನ್ನು ಆ ಮೆಟ್ಟಿಲು ಹತ್ತಿಸಿದ್ದು ನಾನು. ನೀನು ನನ್ನನ್ನು ಕೆಳಗೆ ಇಳಿಸಿದಿ.”

“ಮಾಮಿ, ಒಬ್ಬರನ್ನು ಪೂರ್ತಿ ತೆಗೀಬೇಕು ಅಂತ ಹೇಳಿದ್ರು. ವಯಸ್ಸು ನೋಡಿ ನಿಮ್ಮ ಹೆಸರೇ ಬಂದದ್ದು. ಸ್ಟಾಕಿಗಾದ್ರೂ ಹಾಕಿ ಅಂತ ನಾನು ಕಾಲು ಹಿಡಿಯುವುದೊಂದು ಬಾಕಿ. ಅಲ್ಲಿ ಕುರ್ಚಿ ಉಂಟು, ಕೂತುಕೊಂಡು ಮಾಡುವ ಕೆಲಸ. ನಿಮ್ಮ ಮೊಣಕಾಲು…”

“ಮೊಣಕಾಲು ನನ್ನದು. ನನ್ನತ್ರ ಒಂದು ಮಾತು ಕೇಳ್ಬಹುದಿತ್ತು.”

“ಕೇಳಿದ್ರೆ ಬೇಡ ಅಂತಿದ್ರಿ. ನಾಳೆಯಿಂದ ಮನೆಯಲ್ಲಿ ಕೂರ್ತಿದ್ರಿ. ಮತ್ತೆ ನಾನು ಆ ಬಸ್ಸಿನಲ್ಲಿ ಒಬ್ಬಳೇ ಹೋಗ್ಬೇಕಾ?”

ಮಾತಾಡದೆ ಕುಳಿತರೂ ಬಸ್ಸಿನ ಆ ಸೀಟು ಇವಳಿಗೂ ಬೇಕು ಎಂಬುದು ದಮಯಂತಿಗೆ ಹೊಳೆದಿರಲಿಲ್ಲ. ಆದರೆ ಕೋಪ ಹಾಗೆಲ್ಲ ಒಂದೇ ಮಾತಿಗೆ ಇಳಿಯುವಂಥದ್ದಲ್ಲ. ಅವಳು ಬೂತಾಯಿಯ ತಲೆಗಳನ್ನು ಕೊಯ್ದು ಬೆಕ್ಕಿಗೆ ಹಾಕುತ್ತ ಹೋದಳು. ಅಶ್ಮಿತಾ ಫೋನನ್ನು ಒಳಗಿಟ್ಟು ಬಂದು, ಕೇಳದೆಯೇ ಕಾಯಿ ತುರಿದಳು. ಅಂದಿನ ಸಾರಿಗೆ ಉಪ್ಪು ಹಾಕಿದ್ದು ಇಬ್ಬರೂ. ಪರಮೇಶ್ವರಿ ಮೂರು ಲೋಟ ನೀರು ಕುಡಿದರೂ ಬಾಯಿ ಬಿಡಲಿಲ್ಲ.

ನೆಲಮಾಳಿಗೆಯಲ್ಲಿ ಕುರ್ಚಿ ಇದ್ದದ್ದು ನಿಜ. ಪೆಟ್ಟಿಗೆ ಒಡೆಯುವುದು, ಸೀರೆಗಳಿಗೆ ಚೀಟಿ ಅಂಟಿಸುವುದು, ಮೇಲಿಂದ ಫೋನು ಬಂದರೆ ಕೇಳಿದ್ದನ್ನು ಲಿಫ್ಟಿನಲ್ಲಿ ಕಳಿಸುವುದು. ಮೊಣಕಾಲಿನ ಊತ ಇಳಿಯಿತು. ಅದು ಇಳಿದದ್ದಕ್ಕೂ ಅವಳಿಗೆ ಸಿಟ್ಟು ಬಂತು. ತಲೆಯ ಮೇಲೆ ದಿನವಿಡೀ ಹೆಜ್ಜೆ ಸಪ್ಪಳ. ಹೊಸ ರೇಷ್ಮೆಯ ವಾಸನೆ ಮೂಗಿಗೆ ಬಡಿದಾಗಲೆಲ್ಲ ಗಾದಿ, ಚಹಾದ ಲೋಟಗಳು, ಸೀರೆ ಬಿಚ್ಚುವಾಗ ಹಿಂದಿನಿಂದ ಕೇಳಿಸುತ್ತಿದ್ದ ಶಿವಪ್ರಸಾದರ ಕೆಮ್ಮು, ಎಲ್ಲವೂ ಒಮ್ಮೆಗೇ ಬೇಕೆನಿಸುತ್ತಿತ್ತು. ಎಷ್ಟೋ ಮದುಮಕ್ಕಳ ಸೀರೆಗಳು ಅವಳ ಕೈ ದಾಟಿ ಮೇಲೆ ಹೋದವು. ಒಂದೂ ಹೆಗಲು ಮುಟ್ಟಲಿಲ್ಲ. ಸಂಜೆ ಮನೆ ಸೇರಿ ಕುತ್ತಿಗೆ ತೊಳೆದರೆ ನೀರಿನಲ್ಲಿ ಮಿನುಗುವಂಥದ್ದು ಏನೂ ಇಲ್ಲ.

ವೃಶ್ಚಿಕ ತಿಂಗಳು ಮುಗಿಯುತ್ತ ಬಂದಿತ್ತು. ಒಂದು ಬೆಳಿಗ್ಗೆ ಕರೆಂಟು ಹೋಗಿ ಲಿಫ್ಟ್ ನಿಂತಿತು. ಮೇಲಿಂದ ಫೋನು: ಕೆಂಪು, ಹಸಿರು ಅಂಚು, ಎರಡು ಬೇಕು, ಬೇಗ. ದಮಯಂತಿ ಸೀರೆಗಳನ್ನು ಎದೆಗೊತ್ತಿಕೊಂಡು ಒಂದೊಂದೇ ಮೆಟ್ಟಿಲು ಹತ್ತಿದಳು. ಮಹಡಿಯ ಬಾಗಿಲಲ್ಲಿ ಉಸಿರು ತೆಗೆಯಲು ನಿಂತಾಗ ಒಬ್ಬಳ ಮಾತು ಕೇಳಿಸಿತು.

“ಈ ತಲೆ ಇಲ್ಲದ್ದನ್ನು ನೋಡಿ ನಾನು ಸೊಸೆಯನ್ನು ಕಾಣುವುದು ಹೇಗೆ ಮಾರಾಯ್ತಿ?”

ಎಡನೀರಿನ ಕಡೆಯ ಪಾರ್ಟಿ. ಹುಡುಗನ ತಾಯಿ ಎದ್ದು ಹೊರಟಾಗಿತ್ತು, ಚೀಲ ಹೆಗಲೇರಿತ್ತು. ಅಶ್ಮಿತಾ ಕಿವಿಯ ಯಂತ್ರ ತೆಗೆದು ಮೇಜಿನ ಮೇಲಿಟ್ಟಳು. ಎದೆಯ ಮೇಲಿನ ಹೆಸರಿನ ಬಿಲ್ಲೆಯನ್ನೂ ಬಿಚ್ಚಿದಳು. ಗೊಂಬೆಯ ಸೀರೆಯನ್ನು ಎಳೆದು ತನ್ನ ಹೆಗಲಿಗೆ ಹಾಕಿ, ನೆರಿಗೆ ಹಿಡಿದು, ಕನ್ನಡಿಯ ಎದುರು ಸ್ವಲ್ಪ ಎಡಕ್ಕೆ ತಿರುಗಿ ನಿಂತಳು. “ಹುಡುಗಿ ನನ್ನಷ್ಟು ಉದ್ದ ಇದ್ದಾಳಾ ಅಕ್ಕ?” ಎಂದು ಕೇಳಿದಳು.

ಆ ನಿಲುವು ದಮಯಂತಿಯದು, ಆ ಪ್ರಶ್ನೆಯೂ ಅವಳದೇ. ಸಂತೋಷ ಆಗಬೇಕಿತ್ತು. ಆದದ್ದು ಹೊಟ್ಟೆಕಿಚ್ಚು. ಕನ್ನಡಿಯೊಳಗೆ ಆ ಹುಡುಗಿ ಎಷ್ಟು ಚೆಂದ ಕಾಣುತ್ತಿದ್ದಳೆಂದರೆ, ಅಲ್ಲಿ ಇನ್ನು ತನ್ನ ಅಗತ್ಯ ಯಾರಿಗೂ ಬೀಳುವುದಿಲ್ಲ ಎಂದು ಒಂದೇ ನೋಟಕ್ಕೆ ತಿಳಿಯುತ್ತಿತ್ತು. ದಮಯಂತಿ ಸೀರೆಗಳನ್ನು ಗಾಜಿನ ಮೇಲಿಟ್ಟು ಮೆಲ್ಲಗೆ ತಿರುಗಿದಳು. ಕನ್ನಡಿಯಲ್ಲಿ ಸೊಸೆಯ ಕಣ್ಣು ತನ್ನನ್ನು ಕಂಡದ್ದನ್ನು ಅವಳೂ ಕಂಡಳು. ಮೆಟ್ಟಿಲಿಳಿಯುವಾಗ ಹಿಂದಿನಿಂದ ಹುಡುಗನ ತಾಯಿಯ ದನಿ ಬಂತು: “ಇದೇ ಇರಲಿ.”

ಕರೆಂಟು ಬಂದ ಮೇಲೆ ಮಧ್ಯಾಹ್ನದ ಹೊತ್ತು ಮೆಟ್ಟಿಲಲ್ಲಿ ಹೆಜ್ಜೆ ಕೇಳಿಸಿತು. ಅಶ್ಮಿತಾ ಒಂದು ಕೈಯಲ್ಲಿ ಬುತ್ತಿಯನ್ನೂ, ತೋಳಿನ ಮೇಲೆ ಬೇಡವಾಗಿ ಉಳಿದ ಕೆಂಪು ಸೀರೆಯನ್ನೂ ಹಿಡಿದು ಬಂದಿದ್ದಳು. ಪೆಟ್ಟಿಗೆಯೊಂದನ್ನು ಎಳೆದು ಕುಳಿತಳು.

“ಮೇಲೆ ಬೈಗುಳ ಆಯ್ತು. ಕರೆಂಟು ಇಲ್ಲದಿದ್ರೂ ಕ್ಯಾಮೆರಾಕ್ಕೆ ಬ್ಯಾಟರಿ ಉಂಟು, ಅದರಲ್ಲಿ ಎಲ್ಲ ಬಂದಿದೆ. ನಾಳೆ ಬೆಳಿಗ್ಗೆ ಕರೆದಿದ್ದಾರೆ.”

“ತೆಗೀತಾರಾ?”

“ತೆಗೆದ್ರೂ ತೆಗೀಬಹುದು. ಅಥವಾ ಇಲ್ಲಿಗೇ ಹಾಕಿಯಾರು.” ಬುತ್ತಿಯ ಮುಚ್ಚಳ ತೆಗೆದು, ಬಂಗುಡೆಯ ದೊಡ್ಡ ತುಂಡನ್ನು ಅತ್ತೆಯ ಅನ್ನಕ್ಕೆ ದೂಡಿದಳು. “ನನಗೆ ಆ ಕೋಣೆಯಲ್ಲಿ ಅನ್ನ ಇಳಿಯುವುದಿಲ್ಲ ಮಾಮಿ. ಇಷ್ಟು ದಿನ ಹೇಳ್ಲಿಕ್ಕೆ ಬಾಯಿ ಬರ್ಲಿಲ್ಲ.”

ದಮಯಂತಿ ಮೀನನ್ನು ಮುರಿದು ಅರ್ಧವನ್ನು ಮರಳಿ ದೂಡಿದಳು. “ನಿಂತದ್ದು ಚೆಂದ ಇತ್ತು,” ಎಂದಳು. ಅಷ್ಟಕ್ಕೇ ನಿಲ್ಲಿಸಬಹುದಿತ್ತು. “ನೋಡಿ ನನಗೆ ಹೊಟ್ಟೆ ಉರಿಯಿತು. ನನಗೆ ಅದು ಬೇಕು ಅಶ್ಮಿತಾ. ಈ ವಯಸ್ಸಿನಲ್ಲಿ ನಾಚಿಕೆ ಆಗ್ಬೇಕು, ಆದ್ರೂ ಬೇಕು.”

ಅಶ್ಮಿತಾ ಕೈ ತೊಳೆದು ಬಂದಳು. ಕೆಂಪು ಸೀರೆಯ ಮಡಿಕೆ ಬಿಚ್ಚಿ, ಅತ್ತೆಯನ್ನು ಕುರ್ಚಿಯಿಂದ ಎಬ್ಬಿಸಿ, ಹೆಗಲಿಗೆ ಹಾಕಿದಳು.

“ಎಂತ ಮಾಡ್ತಿ? ಕ್ಯಾಮೆರಾ ಇಲ್ಲೂ ಉಂಟು.”

“ನಾಳೆ ಹೇಗೂ ಹೋಗ್ಲಿಕ್ಕುಂಟಲ್ಲ. ಎರಡಕ್ಕೂ ಒಟ್ಟಿಗೆ ಉತ್ತರ ಹೇಳ್ತೇನೆ.”

“ಕನ್ನಡಿಯೂ ಇಲ್ಲ ಇಲ್ಲಿ.”

“ನಾನು ನೋಡಿ ಹೇಳ್ತೇನೆ. ಸ್ವಲ್ಪ ಎಡಕ್ಕೆ ತಿರುಗಿ.”

ದಮಯಂತಿ ತಿರುಗಿದಳು. ಎದುರಿಗೆ ಒಡೆಯದ ಪೆಟ್ಟಿಗೆಗಳ ಸಾಲು. ಕೈ ತಾನಾಗಿಯೇ ನೆರಿಗೆ ಹಿಡಿಯಿತು, ಬೆನ್ನು ತಾನಾಗಿಯೇ ನೆಟ್ಟಗಾಯಿತು. ಸೊಸೆ ಎರಡು ಹೆಜ್ಜೆ ಹಿಂದೆ ಸರಿದು, ಸೀರೆ ತೆಗೆಯಲು ಬಂದ ಹುಡುಗನ ತಾಯಿಯ ಹಾಗೆ ಕುತ್ತಿಗೆ ಓರೆ ಮಾಡಿ, ಅವಸರವಿಲ್ಲದೆ ಅವಳನ್ನು ನೋಡಿದಳು. ಸೀರೆಯನ್ನು ನೋಡಲಿಲ್ಲ.

“ಇದೇ ಇರಲಿ,” ಎಂದಳು.